ಎಣಿಕೆಗೆ ಒಂದು ತಲೆ ಕಡಿಮೆ

ಟ್ರೇಸಿಸ್ ಬೆಂಡ್ ಊರಿನ ಹಳೆಯ ಜೈಲಿನ ಗೋಡೆ ಎಷ್ಟು ದಪ್ಪವೆಂದರೆ, ಒಳಮೈಯಿಂದ ಹೊರಮೈಗೆ ಹೊರಟ ಇರುವೆ ನಡುದಾರಿಯಲ್ಲೇ ಮದುವೆಯಾಗಿ, ಸಂಸಾರ ಹೂಡಿ, ಕೊನೆಗೆ ಮೊಮ್ಮಕ್ಕಳ ಹೆಗಲ ಮೇಲೆ ಕೂತು ಹೊರಗೆ ಬರುತ್ತದೆ. ಅಂಥ ಗೋಡೆಯ ಒಳಗೆ ಮೂವತ್ತೊಂದು ವರ್ಷ ಕಾವಲು ಕಾಯ್ದು, ಸಾರ್ಜೆಂಟ್ ಆಗಿ ನಿವೃತ್ತನಾದವನು ವೆಂಡೆಲ್ ಸ್ಟ್ರಾಡರ್. ಅವನು ಯಾವುದಕ್ಕೂ ಹೆದರಿದ್ದನ್ನು ಓಹಾಯೊ ನದಿಯ ಈ ದಂಡೆಯವರಾಗಲಿ ಆ ದಂಡೆಯವರಾಗಲಿ ಕಂಡಿರಲಿಲ್ಲ. ಒಮ್ಮೆ ಸಿಡಿಲು ಅವನ ಟೋಪಿಗೆ ಬಡಿದಾಗ ಟೋಪಿ ತೆಗೆದು, ಧೂಳು ಕೊಡವಿ, ಮತ್ತೆ ಹಾಕಿಕೊಂಡನಂತೆ. ಸಿಡಿಲೇ ನಾಚಿಕೊಂಡು ಪಕ್ಕದ ಜಿಲ್ಲೆಗೆ ಹೋಯಿತಂತೆ.

ಆರ್ವಿಲ್‌ನ ಕ್ಷೌರದಂಗಡಿಯ ಗೋಡೆಯ ಮೇಲೆ ವೆಂಡೆಲ್‌ನ ಸಮವಸ್ತ್ರದ ಫೋಟೋ ತೂಗುಹಾಕಿದ್ದರು. ಕೆಳಗೆ ‘ಬೆದರದ ಮನುಷ್ಯ’ ಎಂದು ಬರೆದಿತ್ತು. ಎಂಬತ್ತಮೂರು ವರ್ಷದ ವೆಂಡೆಲ್ ಪ್ರತಿ ಶನಿವಾರ ಅದರ ಕೆಳಗಿನ ಕುರ್ಚಿಯಲ್ಲೇ ಕೂರುತ್ತಿದ್ದ. ತಲೆಯಲ್ಲಿ ಉಳಿದದ್ದು ಹನ್ನೊಂದು ಕೂದಲು. ಆದರೂ ಕತ್ತರಿಸಿಕೊಳ್ಳುವುದಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಕತೆಗಳು ಮುಗಿಯಬೇಕಲ್ಲ!

ಜೈಲು ಮುಚ್ಚಿದ ಮೇಲೆ ಊರವರು ಅದನ್ನು ಕೆಡವಲು ಬಿಡಲಿಲ್ಲ. ಪ್ರತಿ ಅಕ್ಟೋಬರಿನಲ್ಲಿ ಅಲ್ಲಿ ‘ದೆವ್ವದ ಜೈಲು’ ಎಂಬ ಹೆದರಿಸುವ ಆಟ ನಡೆಸಿ, ಬಂದ ಟಿಕೆಟ್ ಹಣದಿಂದ ಸೂರು ಸರಿಮಾಡಿಸುತ್ತಿದ್ದರು. ಊರ ಹಲ್ಲಿನ ಡಾಕ್ಟರು, ಅಗ್ನಿಶಾಮಕದವರು, ಚರ್ಚಿನಲ್ಲಿ ಹಾಡುವವರು, ಎಲ್ಲರೂ ಮುಖಕ್ಕೆ ಬಣ್ಣ ಬಳಿದುಕೊಂಡು ದೆವ್ವವಾಗುತ್ತಿದ್ದರು. ಇದನ್ನೆಲ್ಲ ನಡೆಸುತ್ತಿದ್ದವಳು ವೆಂಡೆಲ್‌ನ ಮಗಳೇ, ಬರ್ನೀಸ್. ಹನ್ನೆರಡು ವರ್ಷದಿಂದ ಅವಳು ಕರೆಯುತ್ತಲೇ ಇದ್ದಳು, ಅವನು ಹೋಗಿರಲಿಲ್ಲ.

“ಮೂವತ್ತೊಂದು ವರ್ಷ ಸಂಬಳ ತಗೊಂಡು ಹೋದ ಜಾಗಕ್ಕೆ ಈಗ ಟಿಕೆಟ್ ತಗೊಂಡು ಹೋಗ್ಲಾ?” ಎನ್ನುತ್ತಿದ್ದ. “ಅಲ್ಲಿ ನಿಜವಾದ ಕೊಲೆಗಾರರಿಗೆ ನಾನು ಗುಡ್ ಮಾರ್ನಿಂಗ್ ಹೇಳಿದೋನು. ಹಲ್ಲಿನ ಡಾಕ್ಟರು ಬಂದು ಹೂಂ ಅಂದ್ರೆ ಹೆದರ್ತೀನಾ?”

ಈ ವರ್ಷ ಅವನು ಹೋಗುವಂತೆ ಮಾಡಿದ್ದು ಬರ್ನೀಸಲ್ಲ, ಲೆಸ್ಟರ್ ಹ್ಯಾಗನ್. ಲೆಸ್ಟರ್ ಅದೇ ಜೈಲಿನಲ್ಲಿ ಗೋಪುರದ ಕಾವಲಿಗಿದ್ದವನು. ವೆಂಡೆಲ್‌ನ ಕತೆಗಳನ್ನು ಕೇಳಿ ಕೇಳಿ ಅವನ ಒಂದು ಕಿವಿ ತಾನಾಗಿಯೇ ಮುಚ್ಚಿಕೊಂಡಿತ್ತು.

“ಲೋ ವೆಂಡೆಲ್, ಹನ್ನೆರಡು ವರ್ಷದಿಂದ ಯಾಕೆ ತಪ್ಪಿಸ್ಕೋತಿದೀಯ ಅಂತ ಈಗ ಗೊತ್ತಾಯ್ತು ಬಿಡು,” ಎಂದ ಲೆಸ್ಟರ್, ಅಂಗಡಿ ತುಂಬ ಜನರಿದ್ದಾಗಲೇ. “ನಿನಗೆ ಭಯ ಕಣೋ.”

ಅಂಗಡಿಯಲ್ಲಿ ಕತ್ತರಿ ನಿಂತಿತು.

“ನನಗಾ?”

“ನಿನಗೇ. ಜೈಲಿನ ಮುಂಬಾಗಿಲಿಂದ ಹೊಕ್ಕು ಹಿಂಬಾಗಿಲಿಂದ ಕಿರುಚದೆ ಹೊರಗೆ ಬಾ. ಬಂದ್ರೆ ಚಳಿಗಾಲ ಪೂರ್ತಿ ನಿನ್ನ ಮನೆ ಮುಂದಿನ ಹಿಮ ನಾನೇ ಎತ್ತಿ ಹಾಕ್ತೀನಿ. ಕಿರುಚಿದ್ರೋ, ಶನಿವಾರ ಇಲ್ಲಿ ಟೋಪಿ ತೆಗೆದು ‘ನಾನು ಹೆದರಿದೆ’ ಅಂತ ಹೇಳಿ, ಆ ಫೋಟೋನ ಗೋಡೆ ಕಡೆ ತಿರುಗಿಸಬೇಕು.”

“ಹೊಸ ಸಲಿಕೆ ಕೊಂಡ್ಕೋ ಲೆಸ್ಟರ್,” ಎಂದ ವೆಂಡೆಲ್. “ಈ ವರ್ಷ ಹಿಮ ಜಾಸ್ತಿ ಅಂತೆ.”

ಸಂಜೆಯ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿತು. ಮರುದಿನದ ಹೊತ್ತಿಗೆ ಮೂರು ಜಿಲ್ಲೆಗೆ ಹಬ್ಬಿತು. ಬರ್ನೀಸಳಿಗೆ ತಿಳಿದಾಗ ಅವಳು ಅಡುಗೆಮನೆಯಲ್ಲಿ ಪೆಪರೋನಿ ರೋಲ್ ಎಂಬ ಮಾಂಸದ ಬನ್ನಿಗೆ ಹಿಟ್ಟು ನಾದುತ್ತಿದ್ದಳು.

“ಅಪ್ಪಾ, ನಿಜವಾಗ್ಲೂ ಬರ್ತೀಯಾ?”

“ಬರ್ತೀನಿ. ನಿಮ್ಮೋರಿಗೆ ಹೇಳು, ಗಂಟಲು ಕಾಪಾಡ್ಕೊಳ್ಳಿ ಅಂತ. ನನ್ನ ಮೇಲೆ ದಂಡ ಮಾಡೋದು ಬೇಡ.”

ಬರ್ನೀಸ್ ಹಿಟ್ಟನ್ನು ಎತ್ತಿ ಹಲಗೆಗೆ ಒಮ್ಮೆ ಬಡಿದಳು. ಆಮೇಲೆ ಕೇಳಿದಳು: “ಅಪ್ಪಾ, ಮೂರನೇ ಅಂತಸ್ತಲ್ಲಿ ಕೋಣೆ ಎಷ್ಟಿದ್ವು?”

“ಮೂವತ್ತಾರು. ಯಾಕೆ?”

“ಸುಮ್ನೆ,” ಎಂದಳು.

ಶುಕ್ರವಾರ ಇನ್ನೂ ಬೆಳಕಿರುವಾಗಲೇ ವೆಂಡೆಲ್ ಜೈಲಿನ ಬಾಗಿಲಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಮುಖ ಕಾಣುವಂತೆ ಹೊಳೆಯುವ ಬೂಟು. ಹಿಂದೆ ಸಾಕ್ಷಿಗೆ ಲೆಸ್ಟರ್, ಅವನ ಹಿಂದೆ ಕ್ಷೌರದ ಆರ್ವಿಲ್, ಆರ್ವಿಲ್‌ನ ಹಿಂದೆ ಅರ್ಧ ಊರು. ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ರಕ್ತಸಿಕ್ತ ವಧು ಎದ್ದು ನಿಂತು, “ನಮಸ್ಕಾರ ಸಾರ್ಜೆಂಟ್ರೇ,” ಎಂದಳು. ಅವಳು ಅಂಚೆ ಕಚೇರಿಯ ಗುಮಾಸ್ತೆ.

ಮೊದಲ ಓಣಿಯಲ್ಲೇ ಹೆಣದ ಪೆಟ್ಟಿಗೆ ಧಡಾರನೆ ತೆರೆದು, ಹುಳ ಮೆತ್ತಿದ ಶವವೊಂದು ಊಳಿಡುತ್ತ ಎದ್ದಿತು. ಹಿಂದಿದ್ದ ಆರ್ವಿಲ್ ನೆಗೆದ ನೆಗೆತಕ್ಕೆ ಅವನ ಚಪ್ಪಟೆ ಟೋಪಿ ಇವತ್ತಿಗೂ ಸೂರಿನ ತೊಲೆಯಲ್ಲಿ ಸಿಕ್ಕಿಕೊಂಡಿದೆ. ವೆಂಡೆಲ್ ಬಾಗಿ ಶವದ ಮುಖ ನೋಡಿದ.

“ಡ್ವೈಟ್ ಅಲ್ವೇನೋ? ಸೊಂಟನೋವು ಹೇಗಿದೆ?”

“ಮಲಗಿದ್ರೆ ಪರವಾಗಿಲ್ಲ ಸಾರ್ಜೆಂಟ್ರೇ. ಏಳುವಾಗಲೇ ಹಿಡ್ಕೊಳ್ಳುತ್ತೆ,” ಎಂದಿತು ಶವ.

“ಹಾಗಾದ್ರೆ ಏಳಬೇಡ. ಸತ್ತೋನು ಮಲಗಿರೋದೇ ಲಕ್ಷಣ.”

ಅಲ್ಲಿಂದ ಮುಂದೆ ಅದು ದೆವ್ವದ ಜೈಲಾಗಿ ಉಳಿಯಲಿಲ್ಲ, ಮೇಲಧಿಕಾರಿಯ ತಪಾಸಣೆಯಾಯಿತು. ಕೊಡಲಿ ಬೀಸಿ ಬಂದವನಿಗೆ ಹಿಡಿಕೆ ಸಡಿಲವಾಗಿದೆ ಎಂದ. ಕತ್ತು ಕಡಿಸಿಕೊಂಡವಳಿಗೆ ಶೀತವಾಗುತ್ತೆ, ಶಾಲು ಹೊದ್ದುಕೋ ಎಂದ. ಕೀಲಿಗೊಂಚಲು ಝಣಝಣ ಆಡಿಸುತ್ತ, ಕಣ್ಣುಗುಡ್ಡೆ ನೇತಾಡಿಸಿಕೊಂಡು ಅಡ್ಡಬಂದ ಕಾವಲುಗಾರನ ದೆವ್ವವನ್ನಂತೂ ಗೋಡೆಗೆ ನಿಲ್ಲಿಸಿದ.

“ಕೀಲಿ ಯಾಕೆ ಬಲಗಡೆ?”

“ಅದೂ... ಬಲಗೈ ಅಲ್ವಾ ಸಾರ್, ನಂದು,” ಎಂದಿತು ದೆವ್ವ.

“ಅದಕ್ಕೇ ಎಡಗಡೆ ಇರಬೇಕು. ಬಲಗೈ ಖಾಲಿ ಇರಬೇಕು. ಮತ್ತೆ ಕೀಲಿ ಸದ್ದು ಮಾಡಬಾರದು, ಚರ್ಮದ ಚೀಲದೊಳಗಿರಬೇಕು. ತನ್ನ ಕೀಲಿ ಸದ್ದೇ ಕೇಳಿಸ್ಕೊಳ್ಳೋ ಕಾವಲುಗಾರನಿಗೆ ಬೇರೆ ಯಾವ ಸದ್ದು ಕೇಳ್ಸುತ್ತೆ? ಕಣ್ಣುಗುಡ್ಡೆ ಚೆನ್ನಾಗಿದೆ, ಹಾಗೇ ಇರಲಿ.”

ದೆವ್ವ ಕೀಲಿಯನ್ನು ಎಡಕ್ಕೆ ಸಿಕ್ಕಿಸಿಕೊಂಡು ಸೆಲ್ಯೂಟ್ ಹೊಡೆಯಿತು.

ಲೆಸ್ಟರ್‌ನ ಮುಖ ಸಪ್ಪಗಾಗುತ್ತ ಬಂತು. ವೆಂಡೆಲ್ ಎರಡನೇ ಅಂತಸ್ತಿನ ಮೆಟ್ಟಿಲು ಹತ್ತುತ್ತ ಹೇಳಿದ: “ಸಲಿಕೆ ಉದ್ದ ಹಿಡಿಕೆದು ತಗೋ. ನಿನಗೆ ಬಗ್ಗಕ್ಕಾಗಲ್ಲ.”

ಮೂರನೇ ಅಂತಸ್ತಿನ ಮೆಟ್ಟಿಲು ಹತ್ತುವಾಗ ಮಾತ್ರ ಅವನ ಮಾತು ತಾನಾಗಿಯೇ ನಿಂತಿತು. ಮೇಲೆ ಹೊಗೆ ಇರಲಿಲ್ಲ, ಕಿರುಚಾಟ ಇರಲಿಲ್ಲ, ಕೆಂಪು ದೀಪವೂ ಇರಲಿಲ್ಲ. ಸಾದಾ ಹಳದಿ ಬಲ್ಬುಗಳು. ಸೋಪು, ತುಕ್ಕು, ಬೇಯಿಸಿದ ಎಲೆಕೋಸಿನ ವಾಸನೆ. ಅದು ಅವನು ಹೆಜ್ಜೆ ಹಾಕಿ ಸವೆಸಿದ ಓಣಿ. ಕಣ್ಣು ಕಟ್ಟಿ ಬಿಟ್ಟರೂ ಯಾವ ಕೋಣೆಯ ಕಂಬಿ ಎಷ್ಟು ಬಾಗಿದೆ ಎಂದು ಹೇಳಬಲ್ಲ ಓಣಿ. ಉದ್ದಕ್ಕೂ ಕೋಣೆಗಳ ಬಾಗಿಲಲ್ಲಿ ಬೂದು ಬಟ್ಟೆಯ ಒಬ್ಬೊಬ್ಬ ಮನುಷ್ಯ ಕೈ ಕಂಬಿಯ ಮೇಲಿಟ್ಟು, ಕಣ್ಣು ನೇರಕ್ಕೆ ನೆಟ್ಟು, ಉಸಿರು ಬಿಗಿಹಿಡಿದು ನಿಂತಿದ್ದ. ಒಬ್ಬನ ಮುಖಕ್ಕೂ ಬಣ್ಣವಿಲ್ಲ.

ಓಣಿಯ ಈ ತುದಿಯಲ್ಲಿ ಒಂದು ಮೊಳೆ. ಮೊಳೆಯಲ್ಲಿ ಒಂದು ಮರದ ಹಲಗೆ. ಹಲಗೆಗೆ ಸಿಕ್ಕಿಸಿದ ಕೈದಿಗಳ ತಲೆ ಎಣಿಸುವ ಹಳೆಯ ಚೀಟಿ, ದಾರಕ್ಕೆ ಕಟ್ಟಿದ ಸೀಸದ ಕಡ್ಡಿ.

“ಇದೇನು, ಇಷ್ಟೇನಾ?” ಎಂದ ಲೆಸ್ಟರ್ ನಿರಾಸೆಯಿಂದ.

ವೆಂಡೆಲ್‌ನ ಕೈ ಆಗಲೇ ಹಲಗೆ ತೆಗೆದುಕೊಂಡಿತ್ತು. ಹಸುವಿಗೆ ಕರು ಕಂಡ ಹಾಗೆ, ಆ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಿನಕ್ಕೆ ಐದು ಸಲ, ಮೂವತ್ತೊಂದು ವರ್ಷ! ಅವನು ಎಣಿಸಿದ ತಲೆಗಳನ್ನು ಸಾಲಾಗಿ ನಿಲ್ಲಿಸಿದರೆ ಚಂದ್ರನನ್ನು ಮುಟ್ಟಿ, ಅಲ್ಲೊಂದು ಸುತ್ತು ಹಾಕಿ ಬರುತ್ತವೆ. ಹೆಜ್ಜೆ ತಾನಾಗಿ ಸಾಗಿತು. ಒಂದು. ಎರಡು. ಮೂರು. ಹೆಜ್ಜೆಗೊಂದು ತಲೆ, ತಲೆಗೊಂದು ಗೀಟು.

ಓಣಿಯ ಆ ತುದಿಗೆ ಹೋಗಿ ನಿಂತ. ಚೀಟಿ ನೋಡಿದ.

ಮೂವತ್ತೈದು.

ವೆಂಡೆಲ್ ಕನ್ನಡಕ ಒರೆಸಿಕೊಂಡ. ವಾಪಸ್ ಎಣಿಸುತ್ತ ಬಂದ. ಮೂವತ್ತೈದು. ಅಂಗಿಯ ಬೆನ್ನು ಒದ್ದೆಯಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಜೈಲಿನಲ್ಲಿ ಕೆಲಸ ಮಾಡಿದವನು ಚಾಕುವಿಗೆ ಹೆದರುವುದಿಲ್ಲ, ಗಲಭೆಗೆ ಹೆದರುವುದಿಲ್ಲ, ದೆವ್ವವನ್ನಂತೂ ಎದುರಿಗೆ ಕೂರಿಸಿಕೊಂಡು ಕಾಫಿ ಕುಡಿಸುತ್ತಾನೆ. ಅವನು ಹೆದರುವುದು ಒಂದಕ್ಕೇ: ಎಣಿಕೆಗೆ ಒಂದು ತಲೆ ಕಡಿಮೆ ಬೀಳುವುದಕ್ಕೆ. ಹಾಗೆ ಬಿದ್ದರೆ ಎಲ್ಲವೂ ನಿಂತುಹೋಗುತ್ತದೆ. ಊಟವಿಲ್ಲ, ಪಾಳಿ ಬದಲಾವಣೆಯಿಲ್ಲ. ಸಾರ್ಜೆಂಟ್ “ಎಣಿಕೆ ಸರಿ ಇದೆ” ಎಂದು ಕೂಗುವ ತನಕ ಯಾರೂ ನಿಂತಲ್ಲಿಂದ ಅಲ್ಲಾಡುವಂತಿಲ್ಲ.

ವೆಂಡೆಲ್‌ನ ಕಾಲದಲ್ಲಿ ಹಾಗೆ ಆದದ್ದು ಒಂದೇ ಸಲ, ನಲವತ್ತು ವರ್ಷಗಳ ಹಿಂದೆ. ಇಪ್ಪತ್ತೆರಡನೇ ಕೋಣೆ. ಕಂಬಳಿಯ ಕೆಳಗೆ ಮಲಗಿದ್ದವನು ಮನುಷ್ಯನಲ್ಲ, ನೆಲ ಒರೆಸುವ ಕೋಲಿನ ಜುಂಗು. ಆ ಮನುಷ್ಯ ನಾಲ್ಕು ಗಂಟೆ ಹುಡುಕಿದ ಮೇಲೆ ಬಟ್ಟೆ ಒಗೆಯುವ ಮನೆಯ ಬುಟ್ಟಿಯೊಂದರಲ್ಲಿ ಸಿಕ್ಕಿದ. ಈ ಕತೆಯನ್ನು ಮಾತ್ರ ವೆಂಡೆಲ್ ಕ್ಷೌರದಂಗಡಿಯಲ್ಲಿ ಎಂದೂ ಹೇಳಿರಲಿಲ್ಲ. ಗೋಪುರದಲ್ಲಿದ್ದ ಲೆಸ್ಟರ್‌ಗೂ ‘ಎಣಿಕೆ ತಡವಾಯಿತು’ ಎಂದಷ್ಟೇ ಗೊತ್ತಿತ್ತು.

ಈಗ ವೆಂಡೆಲ್ ಇಪ್ಪತ್ತೆರಡನೇ ಕೋಣೆಯ ಮುಂದೆ ನಿಂತಿದ್ದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಮಂಚದ ಮೇಲೆ ಕಂಬಳಿ ಉಬ್ಬಿತ್ತು.

“ಎದ್ದು ನಿಲ್ಲು,” ಎಂದ. ಕಂಬಳಿ ಅಲ್ಲಾಡಲಿಲ್ಲ.

“ಎಣಿಕೆ ನಡೀತಿದೆ. ಎದ್ದು ನಿಲ್ಲು!”

ಒಳಗೆ ಹೋಗಿ ಕಂಬಳಿ ಎಳೆದ. ದಿಂಬಿನ ಮೇಲೆ ಬೂದು ದಾರಗಳ ಜುಂಗು ಅವನನ್ನೇ ನೋಡುತ್ತಿತ್ತು.

ವೆಂಡೆಲ್‌ನ ಕೈ ಕತ್ತಿನ ಸೀಟಿಗೆ ಹೋಯಿತು. ಅಲ್ಲಿ ಸೀಟಿ ಇರಲಿಲ್ಲ. ಆದ್ದರಿಂದ ಆ ಕೆಲಸವನ್ನು ಗಂಟಲೇ ಮಾಡಬೇಕಾಯಿತು. ಅವನು ಕಿರುಚಿದ. ಎಂಥ ಕಿರುಚಾಟ ಅದು! ಸೂರಿನ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿ ಪಕ್ಕದ ರಾಜ್ಯದಲ್ಲಿ ಇಳಿದವು. ನದಿಯ ಮೇಲೆ ಕಲ್ಲಿದ್ದಲು ಹೊತ್ತು ಹೋಗುತ್ತಿದ್ದ ದೋಣಿ, ಎದುರಿನಿಂದ ದೊಡ್ಡ ಹಡಗು ಬರುತ್ತಿದೆಯೆಂದು ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು. ಕೆಳಗೆ ಡ್ವೈಟ್‌ನ ಸೊಂಟನೋವು ಆ ಕ್ಷಣಕ್ಕೆ ಬಿಟ್ಟದ್ದು ಮತ್ತೆ ಬಂದಿಲ್ಲ.

“ಇಪ್ಪತ್ತೆರಡು ಇಲ್ಲೇ ಇದೆ, ಸಾರ್ಜೆಂಟ್,” ಎಂದಿತು ಹಿಂದಿನಿಂದ ಮೆಲುದನಿ.

ತಿರುಗಿ ನೋಡಿದರೆ ಕೋಣೆಯ ಬಾಗಿಲಲ್ಲಿ, ಬೂದು ಬಟ್ಟೆಯಲ್ಲಿ ಬರ್ನೀಸ್. ಕೈ ಕಂಬಿಯ ಮೇಲೆ, ಕಣ್ಣು ನೇರಕ್ಕೆ. ತುಟಿಯ ಅಂಚು ಮಾತ್ರ ಮಾತು ಕೇಳುತ್ತಿರಲಿಲ್ಲ.

“ನಿನಗೆ... ಇದು ನಿನಗೆ ಯಾರು ಹೇಳಿದ್ರು?” ವೆಂಡೆಲ್ ಮಂಚದ ಅಂಚು ಹಿಡಿದುಕೊಂಡ.

“ಜುಂಗಿನ ವಿಷಯ ಜೈಲಿನ ಹಳೇ ಅಡುಗೆಯವರು ಹೇಳಿದ್ರು. ಮಿಕ್ಕಿದ್ದು ನೀನೇ ಹೇಳಿದ್ದೆ ಅಪ್ಪಾ. ಆವತ್ತು ಮಧ್ಯಾಹ್ನ ಮನೆಗೆ ಬಂದು ನಮ್ಮ ಐದೂ ಜನ ಮಕ್ಕಳನ್ನ ಅಡುಗೆಮನೇಲಿ ಸಾಲಾಗಿ ನಿಲ್ಲಿಸಿ ಎಣಿಸ್ದೆ. ಮೂರು ಸಲ. ಮಿಕ್ಕ ನಾಲ್ವರೂ ಆಟ ಅಂದ್ಕೊಂಡು ನಗ್ತಿದ್ರು. ನಾನು ಕೊನೆಯವಳು. ನನ್ನ ತಲೆ ಮೇಲಿಟ್ಟ ಕೈನ ನೀನು ಎಷ್ಟು ಹೊತ್ತಾದ್ರೂ ತೆಗೀಲಿಲ್ಲ.”

ಓಣಿಯಲ್ಲಿ ಲೆಸ್ಟರ್ ಕುಣಿಯುತ್ತಿದ್ದ. “ಕಿರುಚಿದ! ಆರ್ವಿಲ್, ಕೇಳ್ಸಿತಾ? ಕಿರುಚಿಬಿಟ್ಟ!”

ವೆಂಡೆಲ್‌ಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಕೋಣೆಯಿಂದ ಹೊರಗೆ ಬಂದು ಓಣಿಯುದ್ದಕ್ಕೂ ನೋಡಿದ. ಅಷ್ಟು ದೊಡ್ಡ ಕಿರುಚಾಟಕ್ಕೆ ಅರ್ಧ ಊರು ಮೆಟ್ಟಿಲಿನಿಂದ ಉರುಳಿಹೋಗಿತ್ತು. ಆದರೆ ಆ ಮೂವತ್ತೈದು ಜನರಲ್ಲಿ ಒಬ್ಬನೂ ಕದಲಿರಲಿಲ್ಲ. ಬೇಕರಿಯವನ ಮೂಗಿನ ಮೇಲೆ ನೊಣ ಕೂತಿತ್ತು, ಅವನು ಊದಲೂ ಇಲ್ಲ. ಕೊನೆಯ ಕೋಣೆಯ ಹಾಡುಗಾರ್ತಿಗೆ ಸೀನು ಬಂದು ಕಣ್ಣಲ್ಲಿ ನೀರು ತುಂಬಿತ್ತು, ಸೀನಿರಲಿಲ್ಲ. ಎಲ್ಲರೂ ಒಂದೇ ಮಾತಿಗೆ ಕಾಯುತ್ತಿದ್ದರು. ಅದನ್ನು ಹೇಳಬೇಕಾದವನು ಸಾರ್ಜೆಂಟ್.

“ಯಾರು ಕಲಿಸಿದ್ದು ಇವರಿಗೆ?”

“ನಾನೇ,” ಎಂದಳು ಬರ್ನೀಸ್, ತಲೆ ತಿರುಗಿಸದೆ. “ಐದು ಸಂಜೆ.”

“ನನ್ನ ಮೂವತ್ತೊಂದು ವರ್ಷದಲ್ಲಿ ಕೈದಿಗಳು ಒಂದು ದಿನವೂ ಹೀಗೆ ನಿಂತಿರಲಿಲ್ಲ,” ಎಂದ ವೆಂಡೆಲ್. ಮಗಳ ತಲೆಯ ಮೇಲೆ ಕೈಯಿಟ್ಟ. “ಮೂವತ್ತಾರು,” ಎಂದು ಕೊನೆಯ ಗೀಟು ಹಾಕಿದ. ಚೀಟಿಗೆ ಸಹಿ ಮಾಡಿದ. ಬೆನ್ನು ನೆಟ್ಟಗೆ ಮಾಡಿ, ಎದೆ ತುಂಬ ಉಸಿರು ತೆಗೆದುಕೊಂಡು, ಗೋಡೆಯೊಳಗಿನ ಇರುವೆಗಳಿಗೂ ಕೇಳುವಂತೆ ಕೂಗಿದ: “ಎಣಿಕೆ ಸರಿ ಇದೆ!”

ಮೂವತ್ತೈದು ಜನ ಒಟ್ಟಿಗೆ ಉಸಿರು ಬಿಟ್ಟರು. ಹಾಡುಗಾರ್ತಿ ಸೀನಿದಳು.

ಶನಿವಾರ ಕ್ಷೌರದಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಲೆಸ್ಟರ್ ಕಾಲ ಮೇಲೆ ಕಾಲು ಹಾಕಿ, ಮುಂದಿನ ಕುರ್ಚಿಯಲ್ಲೇ ಕೂತಿದ್ದ. ವೆಂಡೆಲ್ ಬಂದ, ಟೋಪಿ ತೆಗೆದ.

“ನಾನು ಹೆದರಿದೆ,” ಎಂದ. ದನಿಯಲ್ಲಿ ನಾಚಿಕೆ ಇರಲಿ, ನಾಚಿಕೆಯ ನೆಂಟನೂ ಇರಲಿಲ್ಲ. “ಹೇಗೆ ಹೆದರಿದೆ ಅಂತೀರಾ! ಮೂರು ಸಾವಿರ ಕಳ್ಳರು, ಇನ್ನೂರು ಕೊಲೆಗಾರರು ಮೂವತ್ತೊಂದು ವರ್ಷ ಸೇರಿ ಪ್ರಯತ್ನಪಟ್ಟು ಆಗದೇ ಇದ್ದಿದ್ದನ್ನ ನನ್ನ ಮಗಳು ನೆಲ ಒರೆಸೋ ಕೋಲಲ್ಲಿ ಮಾಡಿದ್ಳು! ಲೆಸ್ಟರ್, ನಿನಗೂ ಮಕ್ಕಳಿದ್ದಾರಲ್ಲ. ಒಬ್ಬರಾದ್ರೂ ನಿನಗೆ ಬಿಕ್ಕಳಿಕೆ ನಿಲ್ಲೋ ಅಷ್ಟಾದ್ರೂ ಹೆದರಿಸಿದ್ದಾರಾ?”

“ಸೋತೋನು ನೀನು ಕಣೋ,” ಎಂದ ಲೆಸ್ಟರ್ ಗಾಬರಿಯಿಂದ.

“ಹೌದು, ಸೋತೆ. ಯಾರಿಗೆ ಸೋತೆ ಅನ್ನೋದು ನೋಡು. ಹುಲಿ ಹೊಟ್ಟೇಲಿ ಇಲಿ ಹುಟ್ಟುತ್ತೇನೋ?”

ವೆಂಡೆಲ್ ತನ್ನ ಫೋಟೋವನ್ನು ತಾನೇ ಗೋಡೆಯ ಕಡೆ ತಿರುಗಿಸಿದ. ಆಮೇಲೆ ಕೋಟಿನ ಒಳಗಿನಿಂದ ಬರ್ನೀಸಳ ಫೋಟೋ ತೆಗೆದು, ಜೇಬಿನಲ್ಲಿ ತಂದಿದ್ದ ಮೊಳೆಯನ್ನು ಆರ್ವಿಲ್‌ನ ಬಾಚಣಿಗೆಯ ಹಿಡಿಯಿಂದಲೇ ಬಡಿದು, ಪಕ್ಕದಲ್ಲಿ ತೂಗುಹಾಕಿದ. ತನ್ನದಕ್ಕಿಂತ ಒಂದು ಗೇಣು ಮೇಲೆ.

ಅಕ್ಟೋಬರಿನ ಉಳಿದ ದಿನಗಳೆಲ್ಲ ಅವನು ಹಳೆಯ ಸಮವಸ್ತ್ರ ತೊಟ್ಟು, ಕೀಲಿಯನ್ನು ಎಡಗಡೆ ಸಿಕ್ಕಿಸಿಕೊಂಡು ಜೈಲಿನ ಬಾಗಿಲಲ್ಲಿ ನಿಂತ. ಒಳಗೆ ಹೋಗುವ ಒಬ್ಬೊಬ್ಬರನ್ನೂ ತಡೆದು ಹೇಳುತ್ತಿದ್ದ:

“ಕೆಳಗೆ ಇರೋದು ಬರೀ ದೆವ್ವಗಳು, ಧೈರ್ಯವಾಗಿ ಹೋಗಿ. ಮೂರನೇ ಅಂತಸ್ತಲ್ಲಿ ಮಾತ್ರ ಹುಷಾರು. ಅಲ್ಲಿ ನನ್ನ ಮಗಳಿದ್ದಾಳೆ.”