ಮಂದೆ ನಿಂತ ಮೂಲೆ

ಅಬಕಾರಿ ಇಲಾಖೆಯ ಜೀಪು ತೊಗರ್ಸಿ ರಸ್ತೆಯಲ್ಲಿ ನಿಂತಾಗ ನಾನು ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆ. ಸಬ್‌ಇನ್‌ಸ್ಪೆಕ್ಟರ್ ಸಂಗೀತ ಮೇಡಂ ಮತ್ತು ಇಬ್ಬರು ಪೇದೆಗಳು ಯಾರನ್ನೂ ದಾರಿ ಕೇಳದೆ ನೇರವಾಗಿ ಹೊಲದ ಮೂಡಣ ಮೂಲೆಗೆ ನಡೆದರು. ಯಾರೋ ಫೋನಿನಲ್ಲಿ ಗುರುತು ಹೇಳಿದ್ದರಂತೆ. ಆ ಮೂಲೆಯಲ್ಲಿ ಇದ್ದದ್ದು ಹುಳಿ ಸೊಪ್ಪಿಗೆಂದು ಉಳಿಸಿದ್ದ ನನ್ನ ಐದು ಪುಂಡಿ ಗಿಡಗಳು.

ಅವು ಪುಂಡಿಯಲ್ಲ, ಗಾಂಜಾ ಎಂದು ಮೇಡಂ ಹೇಳಿದಾಗ ನನಗೆ ಮೊದಲು ನಗು ಬಂತು. ಆಮೇಲೆ ಪೇದೆಯೊಬ್ಬ ಗಿಡಗಳ ಬುಡ ತೋರಿಸಿದ. ಸುತ್ತ ಒಂದು ಕಡ್ಡಿ ಕಳೆಯೂ ಇರಲಿಲ್ಲ. ಬುಡಕ್ಕೆ ಮಣ್ಣು ಏರಿಸಿತ್ತು. ತಾನೇ ಹುಟ್ಟಿದ ಗಿಡವನ್ನು ಯಾರೂ ಹೀಗೆ ಸಾಕುವುದಿಲ್ಲ, ಇದು ಬೆಳೆಸಿದ್ದು, ಬೆಳೆಸಿದ್ದಕ್ಕೆ ಹತ್ತು ವರ್ಷದವರೆಗೂ ಸಜೆ ಇದೆ ಎಂದ. ನನ್ನ ನಗು ಅಲ್ಲೇ ನಿಂತಿತು. ಪಹಣಿ ಇದ್ದದ್ದು ಎಪ್ಪತ್ತೆಂಟು ವರ್ಷದ ನನ್ನ ಅಜ್ಜಿ ದುರ್ಗಮ್ಮನ ಹೆಸರಿನಲ್ಲಿ.

ಸುದ್ದಿ ಮುಟ್ಟಿದ ಕೂಡಲೇ ಅಜ್ಜಿ ಕೋಲೂರಿಕೊಂಡು ಬಂದಳು. ಮಂಡಿ ನೋವಿನಿಂದಾಗಿ ಅವಳು ಹೊಲಕ್ಕೆ ಕಾಲಿಟ್ಟು ಎರಡು ವರ್ಷವಾಗಿತ್ತು. ಗಿಡ ನೋಡಿದವಳೇ ಹಳೆಯ ಪರಿಚಯದವರು ಸಿಕ್ಕಂತೆ ಒಂದು ಎಲೆ ಸವರಿದಳು. ಅವಳು ಮದುವೆಯಾಗಿ ಬಂದ ಕಾಲಕ್ಕೆ ಪೇಟೆಯಲ್ಲಿ ಇದರದೇ ಅಂಗಡಿ ಇತ್ತಂತೆ. ವರ್ಷಕ್ಕೊಮ್ಮೆ ಸರ್ಕಾರವೇ ಹರಾಜು ಕೂಗಿ ಲೈಸೆನ್ಸ್ ಕೊಡುತ್ತಿತ್ತಂತೆ. ಎತ್ತಿನ ಹೊಟ್ಟೆ ಉಬ್ಬರಿಸಿದರೆ ಮಾವನವರು ಅಲ್ಲಿಂದಲೇ ಒಂದು ಚಿಟಿಕೆ ತಂದು ಬೆಲ್ಲದಲ್ಲಿ ಕೊಡುತ್ತಿದ್ದರಂತೆ. ಇದನ್ನೆಲ್ಲ ಅಬಕಾರಿಯವರ ಎದುರೇ ಹೇಳುವವಳು ನಮ್ಮ ಅಜ್ಜಿ ಒಬ್ಬಳೇ.

"ಮಾರಿದ್ದೂ ಸರ್ಕಾರ, ಈಗ ಹಿಡಿಯೋದೂ ಸರ್ಕಾರ. ನಡುವೆ ಗಿಡ ಏನು ತಪ್ಪು ಮಾಡಿತವ್ವಾ?"

ಮೇಡಂ ಸಿಟ್ಟಾಗಲಿಲ್ಲ. ಅರವತ್ತೊಂದರಲ್ಲಿ ದೇಶದೇಶಗಳೆಲ್ಲ ಸೇರಿ ಒಪ್ಪಂದ ಮಾಡಿಕೊಂಡವು, ನಿಲ್ಲಿಸುವುದಕ್ಕೆ ಇಪ್ಪತ್ತೈದು ವರ್ಷ ವಾಯಿದೆ ಇತ್ತು, ಎಂಬತ್ತೈದರಲ್ಲಿ ಕಾನೂನು ಬಂತು ಎಂದು ಶಾಲೆಯಲ್ಲಿ ಪಾಠ ಹೇಳುವ ಹಾಗೆ ಹೇಳಿದರು. ಯಾವ ದೇಶದವರೋ ಕೂತು ಒಪ್ಪಿಕೊಂಡದ್ದಕ್ಕೆ ನಮ್ಮೂರಿನ ಬದುವಿನಲ್ಲಿ ಉತ್ತರ ಕೊಡಬೇಕಾಯಿತಲ್ಲ ಎಂದು ಅಜ್ಜಿ ಗೊಣಗಿದಳು. ಕಳೆ ತೆಗೆದದ್ದು ಯಾರು ಎಂದು ಮೇಡಂ ಕೇಳಿದರು.

"ನಾನೇ" ಎಂದಳು ಅಜ್ಜಿ.

ಮೇಡಂ ಅವಳ ಮಂಡಿಯ ಕಡೆ ನೋಡಿದರು. ನಾನು ಮುಂದೆ ಬಂದು ಹೇಳಿದೆ: ಕಳೆ ತೆಗೆದವಳು ನಾನು, ಪುಂಡಿ ಎಂದುಕೊಂಡಿದ್ದೆ, ಪಲ್ಯಕ್ಕೆ ಆಗುತ್ತದೆ ಎಂದು ಉಳಿಸಿದೆ. ಮೂರು ತಿಂಗಳಲ್ಲಿ ಒಂದು ದಿನವಾದರೂ ರುಚಿ ನೋಡಲಿಲ್ಲವೇ ಎಂದು ಅವರು ಕೇಳಿದ್ದು ನ್ಯಾಯವಾಗಿತ್ತು. ನೋಡಿದ್ದೆ. ಹುಳಿ ಇರಲಿಲ್ಲ. ಆದರೆ ಅಜ್ಜಿಯ ಒಂದು ಕಥೆಯಲ್ಲಿ ಬಿತ್ತದೆ ಹುಟ್ಟಿದ ಗಿಡವೊಂದನ್ನು ಸೊಸೆ ಕೀಳಲು ಬಂದಾಗ ಅದು, "ತಡಿ, ನನ್ನ ಹೆಸರು ಹೇಳೋವರೆಗೂ ತಡಿ" ಎನ್ನುತ್ತದೆ. ನಾನು ಹಾಗೇ ತಡೆದಿದ್ದೆ. ಮಳೆ ಕಡಿಮೆಯಾದ ಮೇಲೆ ಹುಳಿ ಬಂದೀತು ಎಂದು ಕಾದಿದ್ದೆ. ಇದನ್ನು ಹೇಳುತ್ತಿದ್ದಂತೆ ಪೇದೆ ಮುಖ ಆಚೆ ತಿರುಗಿಸಿ ನಕ್ಕ. ನನ್ನ ಮಾತು ನನಗೇ ಸುಳ್ಳಿನಂತೆ ಕೇಳಿಸಿತು.

"ನೀ ಹೇಳೋದು ನಿಜ ಇರಬಹುದಮ್ಮಾ. ಆದ್ರೆ ಮಹಜರಲ್ಲಿ ಕಥೆ ಬರೆಯೋಕೆ ಬರಲ್ಲ" ಎಂದರು ಮೇಡಂ.

ಮಹಜರಿಗೆ ಇಬ್ಬರು ಪಂಚರು ಬೇಕಿತ್ತು. ಪೇದೆ ರಸ್ತೆಗೆ ಹೋಗಿ ನಿಂತ. ಒಬ್ಬನಿಗೆ ಹಾಲಿನ ಡೇರಿಗೆ ಹೊತ್ತಾಗಿತ್ತು, ಇನ್ನೊಬ್ಬನಿಗೆ ಇದ್ದಕ್ಕಿದ್ದಂತೆ ಹಲ್ಲುನೋವು ಬಂತು. ನಮ್ಮ ಪಕ್ಕದ ಹೊಲದ ಹೇಮಂತ್ ಬಂದ. ಬಂದು, ತಾನು ಸಹಿ ಮಾತ್ರ ಹಾಕುವುದಾಗಿ, ಏನೂ ಮಾತಾಡುವುದಿಲ್ಲವೆಂದು ಮೊದಲೇ ಹೇಳಿದ. ಎರಡನೆಯವನಾಗಿ ಸಿಕ್ಕವನು ಕಾಲುವೆ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಚಿಕ್ಕಬೀರಪ್ಪ. ಪ್ರತಿ ಬೇಸಿಗೆ ಗೊಬ್ಬರಕ್ಕೆಂದು ನಮ್ಮ ಹೊಲಗಳಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸುವವನು ಅವನೇ.

ಅವನು ಗಿಡಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದ. ಸಹಿ ಹಾಕಿ ಹೊರಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

"ಮೇಡಮ್ಮಾರೆ, ಬರಿಯೋದಾದ್ರೆ ನನ್ನ ಹೆಸರೂ ಬರ್ಕೋರಿ. ಈ ಮೂಲೇಲಿ ಒಂಬತ್ತು ರಾತ್ರಿ ನಿಂತಿದ್ದು ನನ್ನ ಮಂದೆ. ಬೀಜ ತಂದಿದ್ದು ನನ್ನ ಕುರಿ ಹೊಟ್ಟೆ."

ಹಿಂದಿನ ಬೇಸಿಗೆಯಲ್ಲಿ ಅವನು ಸೊರಬದ ಕಡೆಯಿಂದ, ಕುಬಟೂರು ದಾಟಿ ಬಂದಿದ್ದನಂತೆ. ದಾರಿಯಲ್ಲಿ ಯಾರೋ ಬೆಳೆ ಕಿತ್ತು ಬಿಟ್ಟಿದ್ದ ಶುಂಠಿ ಹೊಲದಲ್ಲಿ ಕುರಿಗಳು ಮೇದಿದ್ದವು. ಶುಂಠಿಯ ನಡುವೆ ಏನಿತ್ತೋ ಅವನು ನೋಡಿರಲಿಲ್ಲ. ನಮ್ಮ ಹೊಲಕ್ಕೆ ಬರುವ ಹಿಂದಿನ ರಾತ್ರಿ ಮಂದೆ ಕೆರೆಯ ಹಿಂದಿನ ಗೋಮಾಳದಲ್ಲಿ ತಂಗಿತ್ತು. ತನ್ನ ಮಾತು ನಿಜವಾಗಿದ್ದರೆ ಗಿಡ ಅಲ್ಲಿಯೂ ಇರಬೇಕು, ಸರ್ಕಾರದ ಜಾಗದಲ್ಲಿ ಕಳೆ ತೆಗೆಯುವವರಂತೂ ಯಾರೂ ಇಲ್ಲ, ಹೋಗಿ ನೋಡೋಣ ಎಂದ.

ಇಲ್ಲದಿದ್ದರೆ ಏನು ಮಾಡುತ್ತೀಯಾ ಎಂದು ಪೇದೆ ಕೇಳಿದ. ಆಗ ಅಜ್ಜಿಯ ಬದಲು ತನ್ನನ್ನು ಜೀಪಿಗೆ ಹತ್ತಿಸಿಕೊಳ್ಳಿ ಎಂದು ಚಿಕ್ಕಬೀರಪ್ಪ ಸಲೀಸಾಗಿ ಹೇಳಿದ.

ಪೇದೆ ಅವನನ್ನು ಹೇಮಂತನ ಬೈಕಿನಲ್ಲಿ ಕೂರಿಸಿಕೊಂಡು ಹೋದ. ಮೇಡಂ ಪೆನ್ನಿನ ಮುಚ್ಚಳ ಹಾಕಿ ಬಿಸಿಲಿನಲ್ಲೇ ನಿಂತರು. ಅವಸರ ಮಾಡಿದ್ದರೆ ನಮ್ಮ ಗತಿ ಬೇರೆಯಾಗುತ್ತಿತ್ತು. ಅಜ್ಜಿ ನನ್ನ ಬುತ್ತಿಯನ್ನು ಅವರ ಮುಂದೆ ಚಾಚಿದಳು. ಅವರು ಮೊದಲು ಬೇಡವೆಂದರು, ಆಮೇಲೆ ಅರ್ಧ ರೊಟ್ಟಿ ತಿಂದರು. ಕೊನೆಗೆ ಬೈಕಿನ ಸದ್ದು ಕೇಳಿಸಿತು.

ಗೋಮಾಳದಲ್ಲಿ ಏಳು ಗಿಡ ಸಿಕ್ಕಿದ್ದವು. ಮೊಣಕಾಲುದ್ದ, ಕಳೆಯಲ್ಲಿ ಅರ್ಧ ಮುಚ್ಚಿಹೋದವು. ಮೇಡಂ ಫೋಟೊಗಳನ್ನು ಒಂದೊಂದಾಗಿ ನೋಡಿ, ಪೆನ್ನು ತೆಗೆದು, ಕುರಿ ಹಿಕ್ಕೆಯಿಂದ ತಾನಾಗಿ ಹುಟ್ಟಿದ್ದು, ಬೇರೆ ಗಿಡವೆಂದು ತಪ್ಪು ತಿಳಿದು ಉಳಿಸಿದ್ದು ಎಂದು ಬರೆದರು. ಹೇಮಂತ್ ಮಾತಾಡದೆ ಸಹಿ ಹಾಕಿದ, ಚಿಕ್ಕಬೀರಪ್ಪನೂ ಹಾಕಿದ. ಗಿಡಗಳನ್ನು ಕಿತ್ತು ಚೀಲಕ್ಕೆ ತುಂಬಿದರು. ಅಜ್ಜಿ ಕೈಮುಗಿದಾಗ ಮೇಡಂ ಅವಳ ಕೈ ಹಿಡಿದು ಇಳಿಸಿ, ನಾನು ಕಂಡದ್ದನ್ನು ಬರೆದಿದ್ದೇನೆ ಅಷ್ಟೇ, ಕೈಮುಗಿಯುವುದಾದರೆ ಅವರಿಗೆ ಮುಗಿಯಿರಿ ಎಂದು ಚಿಕ್ಕಬೀರಪ್ಪನನ್ನು ತೋರಿಸಿದರು. ಅವನು ಆಗಲೇ ಕಾಲುವೆ ಕಡೆ ಹೊರಟಿದ್ದ.

ಆದರೆ ಅವನಿಗೆ ಅದು ಅಲ್ಲಿಗೆ ಮುಗಿಯಲಿಲ್ಲ. ಶುಂಠಿ ಹೊಲ ಯಾವುದು, ಯಾರದು ಎಂದು ಹೇಳಿಕೆ ಕೊಡಲು ಮೂರು ಸಲ ಶಿಕಾರಿಪುರಕ್ಕೆ ಅಲೆದ. ಆ ಮೂರೂ ದಿನ ಅವನ ಹೆಂಡತಿ ತಾಯಮ್ಮನ ಜೊತೆ ನಾನು ಕುರಿ ಕಾದೆ. ಕನಸು ಕಾಣುತ್ತ ನಿಂತರೆ ಕುರಿ ಊರು ಬಿಡುತ್ತವೆ ಎಂದು ತಾಯಮ್ಮ ದಿನಕ್ಕೆ ಹತ್ತು ಸಲ ಗದರಿದಳು. ಬೇಸಿಗೆ ಬಂದಾಗ ಊರಿನವರು ಒಬ್ಬೊಬ್ಬರಾಗಿ, ಈ ವರ್ಷ ಮಂದೆ ಬೇಡ, ಹಿಕ್ಕೆ ಜೊತೆ ಕೇಸೂ ಬರುತ್ತದೆ ಎಂದರು. ನಮಗಾಗಿ ಆಡಿದ ಒಂದು ಮಾತಿಗೆ ಅವನ ಬೇಸಿಗೆಯ ಗಳಿಕೆಯೇ ಹೋಗುವುದರಲ್ಲಿತ್ತು.

ಅಜ್ಜಿ ಮೊದಲು ನಮ್ಮ ಹೊಲಕ್ಕೇ ಮಂದೆ ಕರೆಸಿದಳು, ಒಂಬತ್ತಲ್ಲ, ಹದಿನೈದು ರಾತ್ರಿ. ನಾನು ಹೇಮಂತನ ಮನೆಗೆ ಹೋದೆ. ಮಂದೆ ನಿಂತ ಜಾಗಕ್ಕೆಲ್ಲ ಮಳೆಗಾಲದಲ್ಲಿ ನಾನೇ ಬಂದು ಕಳೆ ಕೀಳುತ್ತೇನೆ ಎಂದೆ.

"ನೀನಾ? ಪುಂಡಿ ಯಾವುದು, ಗಾಂಜಾ ಯಾವುದು ಈಗಾದ್ರೂ ಗೊತ್ತಾತೇನು?"

"ಗೊತ್ತಾಗೋವರೆಗೂ ಎರಡೂ ಕೀಳ್ತೀನಿ."

ಅವನು ನಕ್ಕುಬಿಟ್ಟ. ಅವನು ಒಪ್ಪಿದ ಮೇಲೆ ಇನ್ನೂ ನಾಲ್ವರು ಒಪ್ಪಿದರು. ಈ ಸಂಗತಿ ಹೇಳಲು ಹೋದಾಗ ಚಿಕ್ಕಬೀರಪ್ಪ ಮರಿಯೊಂದರ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದ. ಕೇಳಿಸಿಕೊಂಡು, ಮರಿಯ ಹಿಂಗಾಲುಗಳನ್ನು ನನ್ನ ಕೈಗೆ ಕೊಟ್ಟು, ಗಟ್ಟಿಯಾಗಿ ಹಿಡಿ ಎಂದ. ಹಿಡಿದುಕೊಂಡೆ.