ಬರೀ ಹೀಟು

ಬೊಮ್ಮನಹಳ್ಳಿಯ ನಮ್ಮ ಗಾರ್ಮೆಂಟ್ಸಿನಲ್ಲಿ ಹೆಂಗಸರ ಯಾವ ಕಾಯಿಲೆಗೂ ಒಂದೇ ಹೆಸರು, ಹೀಟು. ಕಿಬ್ಬೊಟ್ಟೆ ಹಿಂಡಿದರೂ ಹೀಟು, ಬಿಳಿ ಹೋದರೂ ಹೀಟು. ಮೆಷೀನ್ ಬಿಟ್ಟು ಎದ್ದರೆ ಪೀಸು ಕಡಿಮೆಯಾಗುತ್ತದಲ್ಲ, ಅದಕ್ಕೆ ಫ್ಯಾಕ್ಟರಿಯ ನರ್ಸಮ್ಮ ಒಂದು ನೋವಿನ ಮಾತ್ರೆ ಕೊಟ್ಟು, ಮಜ್ಜಿಗೆ ಕುಡಿ ಎನ್ನುತ್ತಾಳೆ. ಎರಡು ವರ್ಷ ನಾನು ಆ ಮಾತ್ರೆ ನುಂಗಿದೆ.

ಮಗುವಾಗಲಿಲ್ಲವೆಂದು ಕಳೆದ ತಿಂಗಳು ಜಯನಗರದ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಗರ್ಭಕೋಶಕ್ಕೆ ಔಷಧಿ ಬಿಟ್ಟು ತೆಗೆಸಿದ ಎಕ್ಸ್‌ರೇ ನೋಡಿದರು.

“ಗರ್ಭನಾಳ ಎರಡೂ ಊದಿ ಮುಚ್ಚೋಗಿದೆಯಮ್ಮ. ಇನ್ಫೆಕ್ಷನ್ ಕೆಳಗಿಂದ ಮೇಲಕ್ಕೆ ಹತ್ತಿದೆ. ಜಾಸ್ತಿ ಗಂಡನಿಂದ ಬರುತ್ತೆ, ಅಬಾರ್ಷನ್ ಆದ್ಮೇಲೂ ಬರಬಹುದು. ಶುರುವಲ್ಲೇ ಬಂದು ಇಬ್ರೂ ಮಾತ್ರೆ ತಗೊಂಡಿದ್ರೆ ವಾಸಿ ಆಗ್ತಿತ್ತು.”

“ಹೀಟು ಅಂದಿದ್ರು ಮೇಡಂ.”

“ಹೀಟಿಗೆ ನಾಳ ಮುಚ್ಚಲ್ಲಮ್ಮ.”

ಇನ್ನು ಮಗುವಾಗುವುದು ಕಷ್ಟ ಎಂದರು.

ಪಕ್ಕದ ಮೆಷೀನಿನ ಕಲ್ಯಾಣಿಗೆ ಮದುವೆಯಾಗಿ ಐದು ತಿಂಗಳು. ಮುಂದಿನ ವರ್ಷ ಕೂಸು ಎಂದು ಎಲ್ಲರೂ ಅವಳನ್ನು ರೇಗಿಸುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು. ಮೊನ್ನೆ ಅವಳೂ ಕಿಬ್ಬೊಟ್ಟೆ ಹಿಡಿದು ಕೂತಳು.

“ಅಕ್ಕ, ಬಿಳಿ ಹೋಗ್ತದೆ. ವಾಸ್ನೆ ಬೇರೆ” ಎಂದು ಪಿಸುಗುಟ್ಟಿದಳು.

ನನಗೆ ಎಲ್ಲ ಗೊತ್ತಿತ್ತು. ಆದರೂ “ಹೀಟಿರ್ಬೇಕು ಬಿಡು” ಎಂದೆ. ನನಗಾದದ್ದು ಇವಳಿಗೂ ಆಗಲಿ ಎನ್ನಿಸಿತು. ಸುಳ್ಳೇಕೆ ಹೇಳಲಿ, ಎರಡು ದಿನ ನೆಮ್ಮದಿಯಾಗಿಯೇ ಇದ್ದೆ.

ಮೂರನೆಯ ದಿನ ಅವಳಿಗೆ ಜ್ವರ. ಆದರೂ ಕಾಲರ್ ಹೊಲಿಯುತ್ತಿದ್ದಳು. ನರ್ಸಮ್ಮ ಅದೇ ಮಾತ್ರೆ ತಂದಳು. ಹಿಂದೆ ನಿಂತಿದ್ದ ಸೂಪರ್‌ವೈಸರ್ ರಾಮಪ್ರಸಾದ, “ಬೇಗ ನುಂಗಮ್ಮ, ಟಾರ್ಗೆಟ್ ಇದೆ” ಎಂದ. ನನಗೂ ಹೀಗೆಯೇ ಹೇಳುತ್ತಿದ್ದ. ಇಷ್ಟು ದಿನ ಯಾರ ಮೇಲೆ ಉರಿಯಬೇಕಿತ್ತು, ಯಾರ ಮೇಲೆ ಉರಿದೆ ಎಂದು ನಾಚಿಕೆಯಾಯಿತು. ಮಾತ್ರೆ ಕಿತ್ತುಕೊಂಡೆ.

“ಇದು ಹೀಟಲ್ಲ ಸಾರ್, ಇನ್ಫೆಕ್ಷನ್. ಈ ಮಾತ್ರೆ ನೋವು ಮುಚ್ಚಿಡ್ತು, ಅಷ್ಟ್ರಲ್ಲಿ ನನ್ ಗರ್ಭನಾಳ ಮುಚ್ಚೋಯ್ತು.”

“ಇಂಥಾ ವಿಷ್ಯ ಲೈನಲ್ಲಿ ಮಾತಾಡ್ತಾರಾ? ನಾಚ್ಕೆ ಆಗಲ್ವಾ?”

“ನಾಚ್ಕೆ ಪಟ್ಕೊಂಡೇ ಹಾಳಾದೆ.”

ಹಿಂದಿನ ಸಾಲಿನ ಕೆಂಪಕ್ಕ ಮೆಷೀನ್ ಆಫ್ ಮಾಡಿದಳು. “ನಂಗೂ ಒಂದ್ ವರ್ಷದಿಂದ ಬಿಳಿ ಹೋಗ್ತದೆ” ಎಂದಳು, ಎಲ್ಲರಿಗೂ ಕೇಳುವಂತೆ. ಇನ್ನೊಂದು ಮೆಷೀನ್ ನಿಂತಿತು. ಮತ್ತೊಂದು. ಲೈನೇ ನಿಂತುಹೋಯಿತು.

ಕಲ್ಯಾಣಿಯನ್ನು ಎಬ್ಬಿಸಿದೆ. “ಗಂಡನ್ಗೂ ಫೋನ್ ಮಾಡು, ಆಸ್ಪತ್ರೆಗೆ ಅವನೂ ಬರ್ಬೇಕು.”

“ಗೇಟ್‌ಪಾಸ್ ಕೊಡಲ್ಲ” ಎಂದ ರಾಮಪ್ರಸಾದ. ಯಾರೂ ಅವನ ಕಡೆ ನೋಡಲಿಲ್ಲ.

“ಅಕ್ಕ, ನಂಗೆ ಮಗು ಆಗುತ್ತಾ?”

“ಆಗುತ್ತೆ, ನಡಿ” ಎಂದೆ. ಹೇಳುವಾಗಲೂ ನನ್ನ ಹೊಟ್ಟೆಕಿಚ್ಚು ಆರಿರಲಿಲ್ಲ. ಅವಳ ಕೈಯನ್ನು ಮಾತ್ರ ಬಿಡಲಿಲ್ಲ.