ಕಾಪುವಿಗೆ ಬಂದ ಸ್ಟೆತಾಸ್ಕೋಪು

ಅರವತ್ತೆರಡನೆಯ ಇಸವಿ. ಮಣಿಪಾಲದಲ್ಲಿ ಡಾಕ್ಟರಿಕೆ ಓದುತ್ತಿದ್ದ ಲಿಡ್ವಿನ್ ಕಾಪುವಿನ ಮನೆಗೆ ಬಂದವಳೇ ಚೀಲದಿಂದ ಹೊಸ ಸ್ಟೆತಾಸ್ಕೋಪು ತೆಗೆದು ತಾಯಿ ಕಾನ್ಸೆಪ್ಟಾಳ ಎದೆಗೆ ಇಟ್ಟಳು. ಪರೀಕ್ಷೆಯಲ್ಲಿ ನಪಾಸಾದ ಸುದ್ದಿಯನ್ನು ಹೇಳದೆ ಇರಬೇಕಾದರೆ ಕೈಗೆ ಏನಾದರೊಂದು ಕೆಲಸ ಬೇಕಿತ್ತು.

"ನಿನ್ನ ಹೃದಯ ಗಟ್ಟಿ ಉಂಟಮ್ಮ," ಎಂದಳು.

"ನನಗೂ ಕೊಡು, ನೋಡುವ."

ಕಾನ್ಸೆಪ್ಟಾ ಕೊಳವೆಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಮಗಳ ಎದೆಗೆ ಬಿಲ್ಲೆಯನ್ನು ಒತ್ತಿದಳು. ಮುಖದಲ್ಲಿ ಮೊದಲು ಬೆರಗು ಮೂಡಿತು, ಆಮೇಲೆ ಹುಬ್ಬು ಗಂಟಿಕ್ಕಿತು.

"ಒಳಗೆ ಅವಲಕ್ಕಿ ಕುಟ್ಟಿದ ಹಾಗೆ ಕೇಳ್ತದೆ. ಯಾಕೆ ಅಂತ ಮಾತ್ರ ಇದು ಹೇಳುವುದಿಲ್ಲ, ಅಲ್ವಾ?"

ಲಿಡ್ವಿನ್ ಖಾಲಿ ಚೀಲವನ್ನು ಮಡಚತೊಡಗಿದಳು. ಕಾನ್ಸೆಪ್ಟಾ ಅವಳ ಮುಖವನ್ನೇ ನೋಡಿದಳು.

"ಫೇಲಾದೆಯಾ?"

"ಯಾರು ಹೇಳಿದ್ದು?"

"ಹೊಸ್ತಿಲು ದಾಟಿದ ಕೂಡಲೇ ಕೈಮುಗಿದು ಬೆಸಾಂವ್ ಕೇಳುವವಳು ನೀನು. ಇವತ್ತು ನನ್ನ ಆಶೀರ್ವಾದ ಬೇಡವಾಯಿತು. ಮೆಟ್ರಿಕ್‌ನಲ್ಲಿ ಗಣಿತ ಹೋದಾಗಲೂ ನೀನು ಹೀಗೇ ಮರೆತಿದ್ದೆ."

ಲಿಡ್ವಿನ್ ಕಣ್ಣು ತುಂಬಿಕೊಂಡು ಕೈಮುಗಿದಳು. ಕಾನ್ಸೆಪ್ಟಾ ಒಂದು ಕೈಯನ್ನು ಮಗಳ ತಲೆಯ ಮೇಲಿಟ್ಟಳು. ಇನ್ನೊಂದು ಕೈಯಲ್ಲಿದ್ದ ಬಿಲ್ಲೆಯನ್ನು ಮಾತ್ರ ಸರಿಸಲಿಲ್ಲ. ಒಳಗಿನ ಬಡಿತ ಮೆಲ್ಲನೆ ತಹಬಂದಿಗೆ ಬರುವವರೆಗೂ ಕೇಳುತ್ತಾ ನಿಂತಳು.